ಮಾನ್ಯಖೇಟದ ಗದ್ಯಕಥೆ: ಒಂದು ಹೆಸರಿನ ಪ್ರಶ್ನೆ

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ (ಕ್ರಿ.ಶ. 814–878) ಆಸ್ಥಾನದಲ್ಲಿ ರಚಿತವಾದ, ಇಂದು ಬಹುತೇಕ ವಿದ್ವಾಂಸರು ಶ್ರೀವಿಜಯನದೆಂದು ಒಪ್ಪುವ ‘ಕವಿರಾಜಮಾರ್ಗ’ವು ಕನ್ನಡದ ಕಾವ್ಯಪ್ರಕಾರಗಳನ್ನು ಹೆಸರಿಸಿ ಲಕ್ಷಣ ಹೇಳುವ, ನಮಗೆ ದೊರೆತಿರುವ ಮೊದಲ ಗ್ರಂಥ.

ಪದ್ಯದಲ್ಲಿ ಅದು ಎರಡು ಪ್ರಕಾರಗಳನ್ನು ಗುರುತಿಸುತ್ತದೆ. ಕಂದ ಮತ್ತು ವೃತ್ತಗಳ ನಡುವೆ ಅಲ್ಲಲ್ಲಿ ಜಾತಿ ಬಂದರೆ ಬೆದಂಡೆ. ಹಲವು ಕಂದಗಳು, ವೃತ್ತಗಳ ಜೊತೆಗೆ ಅಕ್ಕರ, ಚೌಪದಿ, ಗೀತಿಕೆ, ತಿವದಿಗಳು ಸೇರಿದರೆ ಚತ್ತಾಣ. ತಿವದಿಯೆಂದರೆ ತ್ರಿಪದಿ; ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಅದಕ್ಕೆ ಇನ್ನೂ ಹಳೆಯ ಸಾಕ್ಷಿ. ಆದುದರಿಂದ ಈ ವಿವರಣೆಯನ್ನು ಕೇವಲ ಶಾಸ್ತ್ರಕಾರನ ಕಲ್ಪನೆಯೆಂದು ತಳ್ಳಿಹಾಕಲಾಗದು.

ನನ್ನ ಆಸಕ್ತಿ ಮೂರನೆಯದರಲ್ಲಿದೆ. ಗದ್ಯಪದ್ಯಮಿಶ್ರ ರಚನೆಯನ್ನು ಹಿಂದಿನ ಆಚಾರ್ಯರು ‘ಗದ್ಯಕಥೆ’ ಎಂದರೆಂದು ಗ್ರಂಥ ಹೇಳುತ್ತದೆ. ಅದರ ಮುಖ್ಯ ಆಕರವಾದ ದಂಡಿಯ ‘ಕಾವ್ಯಾದರ್ಶ’ದಲ್ಲಿ ಅದೇ ಮಿಶ್ರರೂಪಕ್ಕೆ ‘ಚಂಪು’ ಎಂಬ ಹೆಸರು ಸಿದ್ಧವಾಗಿಯೇ ಇತ್ತು. ದಂಡಿಯನ್ನು ಹೆಜ್ಜೆಹೆಜ್ಜೆಗೆ ಅನುಸರಿಸುವವನು ಇಲ್ಲಿ ಮಾತ್ರ ಬೇರೆ ಹೆಸರನ್ನು ಹಿಡಿದದ್ದು ಮರೆವಿನಿಂದ ಎನ್ನಲಾರೆ. ಕನ್ನಡದಲ್ಲಿ ಆಗಲೇ ರೂಢಿಯಲ್ಲಿದ್ದ ಹೆಸರನ್ನು ಅವನು ದಾಖಲಿಸಿದ್ದಾನೆ.

ಅವನು ಹೆಸರಿಸುವ ಗದ್ಯಕಾರರಾದ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಕನ್ನಡ ಕೃತಿಗಳು ಉಳಿದಿಲ್ಲ. ಇದು ನನ್ನ ವಾದದ ದುರ್ಬಲ ಕೊಂಡಿ, ನಿಜ. ಆದರೂ ಕಾಲಕ್ರಮವನ್ನು ಗಮನಿಸಬೇಕು: ಉಪಲಬ್ಧ ಸಂಸ್ಕೃತ ಚಂಪುಗಳಲ್ಲಿ ಮೊದಲನೆಯದಾದ ತ್ರಿವಿಕ್ರಮಭಟ್ಟನ ‘ನಳಚಂಪು’ ಹುಟ್ಟಿದ್ದು ಇದೇ ರಾಷ್ಟ್ರಕೂಟ ಆಸ್ಥಾನದಲ್ಲಿ, ಮೂರನೆಯ ಇಂದ್ರನ ಕಾಲದಲ್ಲಿ, ಅಂದರೆ ‘ಕವಿರಾಜಮಾರ್ಗ’ದ ನಂತರ. ಪಂಪನ ಎರಡು ಕಾವ್ಯಗಳು 941ರ ಸುಮಾರಿನವು. ಕನ್ನಡ ಚಂಪುವನ್ನು ಸಂಸ್ಕೃತದ ಎರವಲೆಂದು ಬರೆಯುವವರು ಮೊದಲು ಉತ್ತರಿಸಬೇಕಾದದ್ದು ಗದ್ಯಕಥೆಯ ಈ ಉಲ್ಲೇಖಕ್ಕೆ.