ಡಿಸೆಂಬರ್ 25 ಯಾರ ಹಬ್ಬ?

ಡಿಸೆಂಬರ್ ಬಂತೆಂದರೆ ವಾಟ್ಸಾಪಿನಲ್ಲಿ ಒಂದು ಸಂದೇಶ ತಪ್ಪದೆ ಓಡಾಡುತ್ತದೆ: ಕ್ರಿಸ್‌ಮಸ್ ಕ್ರೈಸ್ತರದ್ದೇ ಅಲ್ಲ, ರೋಮನ್ನರ ಸೂರ್ಯನ ಹಬ್ಬವನ್ನು ಚರ್ಚು ಕದ್ದದ್ದು ಎಂದು. ತುಮಕೂರಿನಲ್ಲಿ ನನ್ನ ಜೊತೆ ಓದಿದವರಲ್ಲಿ ಕೆಲವರು ಇದನ್ನು ಗುಂಪಿಗೆ ಹಾಕುತ್ತಾರೆ. ಗುಬ್ಬಿ ಕಡೆಯ ಕ್ರೈಸ್ತ ಗೆಳೆಯನೊಬ್ಬ ಅದೇ ಗುಂಪಿನಲ್ಲಿದ್ದಾನೆ, ಏನೂ ಹೇಳುವುದಿಲ್ಲ. ಹಬ್ಬ ಎಲ್ಲಿಂದ ಬಂತೆಂದು ಕೇಳುವುದು ಇತಿಹಾಸದ ಕೆಲಸವೇ. ಆದರೆ ‘ಇದು ನಿಮ್ಮದಲ್ಲ’ ಎಂದು ಒಬ್ಬನ ಮುಖಕ್ಕೆ ಹೇಳುವ ಮೊದಲು ಸಾಕ್ಷ್ಯ ಎಷ್ಟು ಗಟ್ಟಿಯೆಂದು ನೋಡಬೇಕಲ್ಲವೇ?

ನಾಲ್ಕು ಸುವಾರ್ತೆಗಳಲ್ಲಿ ಯೇಸುವಿನ ಹುಟ್ಟನ್ನು ವಿವರಿಸುವುದು ಎರಡೇ, ಮತ್ತಾಯ ಮತ್ತು ಲೂಕ. ತಿಂಗಳು, ತಾರೀಖು ಎರಡರಲ್ಲೂ ಇಲ್ಲ. ಲೂಕನಲ್ಲಿ ಕೂಸನ್ನು ಗೋದಲಿಯಲ್ಲಿ ಮಲಗಿಸಿದರೆಂದೂ, ಹೊಲದಲ್ಲಿ ರಾತ್ರಿ ಮಂದೆ ಕಾಯುತ್ತಿದ್ದ ಕುರುಬರಿಗೆ ಸುದ್ದಿ ಮುಟ್ಟಿತೆಂದೂ ಇದೆ. ಜುದೇಯದಲ್ಲಿ ಡಿಸೆಂಬರ್ ಮಳೆಚಳಿಯ ಕಾಲ, ಮಂದೆ ಬಯಲಲ್ಲಿರುವುದಿಲ್ಲ, ಆದ್ದರಿಂದ ಈ ತಾರೀಖು ಸುಳ್ಳು ಎಂಬ ವಾದ ಹಳೆಯದು. ನಮ್ಮ ಜಿಲ್ಲೆಯವರಿಗೆ ಈ ವಾದ ಸ್ವಲ್ಪ ವಿಚಿತ್ರವಾಗಿಯೇ ಕೇಳೀತು. ಇಲ್ಲಿ ರಾಗಿ ಕೊಯ್ಲಾದ ಮೇಲೆ, ಅದೇ ಚಳಿಯಲ್ಲಿ, ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಾರೆ. ಕುರುಬ ಕಂಬಳಿ ಹೊದ್ದು ಅಲ್ಲೇ ಕಾವಲು ಮಲಗುತ್ತಾನೆ. ಇದರಿಂದ ಬೆತ್ಲೆಹೇಮಿನ ಬಗ್ಗೆ ಏನೂ ಸಾಬೀತಾಗುವುದಿಲ್ಲ, ನಿಜ. ಕುರಿಗಳನ್ನು ನಂಬಿ ತಾರೀಖು ಹೇಳುವುದೂ ಕಷ್ಟ, ಅಷ್ಟೆ.

ಮೊದಲ ಎರಡು ಶತಮಾನದ ಕ್ರೈಸ್ತರಿಗೆ ಹುಟ್ಟಿಗಿಂತ ಸಾವು ಮತ್ತು ಪುನರುತ್ಥಾನ ಮುಖ್ಯವಾಗಿತ್ತು. ಸುಮಾರು 200ರಲ್ಲಿ ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ಕೆಲವರು ಹುಟ್ಟಿನ ದಿನವನ್ನು ನಮ್ಮ ಲೆಕ್ಕದ ಮೇ 20ಕ್ಕೆ ಹೇಳುತ್ತಾರೆಂದು ಬರೆಯುತ್ತಾನೆ. ಪೂರ್ವದ ಚರ್ಚುಗಳು ಜನವರಿ 6 ಹಿಡಿದವು. ಆರ್ಮೇನಿಯದ ಚರ್ಚು ಇಂದಿಗೂ ಬಿಟ್ಟಿಲ್ಲ. ಡಿಸೆಂಬರ್ 25 ನಮಗೆ ಸ್ಪಷ್ಟವಾಗಿ ಸಿಗುವುದು ರೋಮಿನಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗ ಸಂಪುಟದಲ್ಲಿ. ಅದರೊಳಗಿನ ಹುತಾತ್ಮರ ಪಟ್ಟಿ 336ರದ್ದೆಂದು ವಿದ್ವಾಂಸರು ಎಣಿಸುತ್ತಾರೆ. ಸ್ವಾರಸ್ಯ ಮುಂದಿದೆ. ಅದೇ ಸಂಪುಟದ ಇನ್ನೊಂದು ಪಟ್ಟಿಯಲ್ಲಿ ಅದೇ ದಿನಕ್ಕೆ ‘ಅಜೇಯನ ಜನ್ಮದಿನ’ ಎಂದಿದೆ. ಅಜೇಯ ಎಂದರೆ ಸೂರ್ಯದೇವ. ಚಕ್ರವರ್ತಿ ಅರೇಲಿಯನ್ 274ರಲ್ಲಿ ರೋಮಿನಲ್ಲಿ ಆ ದೇವರಿಗೆ ದೊಡ್ಡ ಗುಡಿ ಕಟ್ಟಿಸಿದ್ದ. ಗುಡಿಯ ಪ್ರತಿಷ್ಠೆ ಡಿಸೆಂಬರ್ 25ಕ್ಕೇ ಆಯಿತೆನ್ನಲು ಆ ಕಾಲದ ದಾಖಲೆ ಇಲ್ಲ. ಅಂದರೆ ‘ಕಳ್ಳತನ’ಕ್ಕೆ ನಾವು ತೋರಿಸಬಹುದಾದ ಮುಖ್ಯ ಸಾಕ್ಷಿ ಎರಡೂ ಹಬ್ಬಗಳನ್ನು ಒಟ್ಟಿಗೆ ಕಟ್ಟಿಟ್ಟ ಒಂದೇ ಪುಸ್ತಕ.

ಇನ್ನೊಂದು ವಿವರಣೆ ಲೆಕ್ಕದ್ದು. ಯೇಸು ಶಿಲುಬೆಗೇರಿದ್ದು ಮಾರ್ಚ್ 25ರಂದು ಎಂದು ತೆರ್ತುಲ್ಲಿಯನ್ 200ರ ಆಸುಪಾಸಿನಲ್ಲೇ ಬರೆದಿದ್ದ. ಮಹಾಪುರುಷರು ಗರ್ಭದಲ್ಲಿ ಮೂಡಿದ ದಿನವೇ ಸಾಯುತ್ತಾರೆಂಬ ನಂಬಿಕೆಯನ್ನು ಅದಕ್ಕೆ ಸೇರಿಸಿ ಒಂಬತ್ತು ತಿಂಗಳು ಕೂಡಿಸಿದರೆ ಡಿಸೆಂಬರ್ 25. ಮುಂದೆ ಅಗಸ್ಟೀನನೂ ಹೀಗೇ ಕೂಡಿಸಿದ್ದಾನೆ. ನನಗೆ ಈ ಲೆಕ್ಕ ಒಂದೇ ಸಾಲದು ಅನ್ನಿಸುತ್ತದೆ. ಹಗಲು ಬೆಳೆಯತೊಡಗುವ ದಿನಕ್ಕೆ ಸರಿಯಾಗಿ ಲೆಕ್ಕ ಬಂದು ಕೂತಿದ್ದು ಯಾರ ಕಣ್ಣಿಗೂ ಬೀಳಲಿಲ್ಲ ಎಂದು ನಂಬುವುದು ಕಷ್ಟ. ಐದನೇ ಶತಮಾನದ ನಡುವಿನಲ್ಲಿ ಪೋಪ್ ಲಿಯೋ, ಸಂತ ಪೇತ್ರರ ದೇವಾಲಯದ ಮೆಟ್ಟಿಲ ಮೇಲೆ ನಿಂತು ಉದಯಸೂರ್ಯನಿಗೆ ತಲೆಬಾಗುವ ಕ್ರೈಸ್ತರನ್ನು ಗದರಿದ್ದ. ಜನ ಎರಡನ್ನೂ ಇಟ್ಟುಕೊಂಡಿದ್ದರು. ಜನ ಯಾವತ್ತೂ ಹಾಗೇ.

ಕಳ್ಳತನದ ಆರೋಪವನ್ನು ಜೋರಾಗಿ ಹೊರಿಸಿದವರು ಯಾರೆಂದು ನೋಡಿದರೆ ನಗು ಬರುತ್ತದೆ. ಅವರು ಕಟ್ಟಾ ಕ್ರೈಸ್ತರೇ. ಬೈಬಲಿನಲ್ಲಿಲ್ಲದ ಹಬ್ಬ ಬೇಡವೆಂದು ಪ್ಯೂರಿಟನ್ನರ ಕೈಯಲ್ಲಿದ್ದ ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್‌ಮಸ್ ರದ್ದುಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1659ರಿಂದ 1681ರವರೆಗೆ ಹಬ್ಬ ಮಾಡಿದವರಿಗೆ ಐದು ಶಿಲ್ಲಿಂಗ್ ದಂಡ. ಅಲ್ಲಿನ ಪಾದ್ರಿ ಇನ್‌ಕ್ರೀಸ್ ಮೇದರ್ 1687ರಲ್ಲಿ, ಇದು ರೋಮನ್ನರ ಸ್ಯಾಟರ್ನೇಲಿಯಾ ಹಬ್ಬದ ವೇಷಾಂತರ ಎಂದು ಅಚ್ಚುಹಾಕಿಸಿದ. ನಮ್ಮ ವಾಟ್ಸಾಪ್ ಸಂದೇಶದ ವಂಶವೃಕ್ಷ ಹಿಡಿದು ಹೋದರೆ ಸಿಗುವ ಅಜ್ಜ ಈ ಪಾದ್ರಿ.

ಗುಬ್ಬಿಗೆ ಬಂದದ್ದು ಅಲ್ಲಿನ ಬೇರೊಂದು ಕವಲು. ಮೆಥಡಿಸ್ಟರ ಗುರು ಜಾನ್ ವೆಸ್ಲಿ ಆಂಗ್ಲಿಕನ್ ಪಾದ್ರಿ, ಹಬ್ಬ ಬಿಟ್ಟವನಲ್ಲ; ತಮ್ಮ ಚಾರ್ಲ್ಸ್ ಕ್ರಿಸ್‌ಮಸ್ಸಿಗೆ ಹಾಡನ್ನೇ ಕಟ್ಟಿದವನು. 1830ರ ದಶಕದ ಕೊನೆಗೆ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ನೆಲೆ ಹೂಡಿದರು. ಅಲ್ಲಿ ಕನ್ನಡ ಕಲಿತ ವಿಲಿಯಂ ಆರ್ಥರ್ 1847ರಲ್ಲಿ ತಮ್ಮ ಮೈಸೂರು ಸೀಮೆಯ ಅನುಭವವನ್ನು ಪುಸ್ತಕ ಮಾಡಿದರು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಕನ್ನಡ ಬೈಬಲ್ ಅಷ್ಟರಲ್ಲಿ ಅಚ್ಚಾಗಿತ್ತು. ಹಾಗಾಗಿ ಗುಬ್ಬಿ, ಕುಣಿಗಲ್ ಸುತ್ತಿನ ಹಳ್ಳಿಗಳವರು ಲೂಕನ ಕತೆಯನ್ನು ಕನ್ನಡದಲ್ಲೇ ಕೇಳಬಹುದಾಗಿತ್ತು. ಗೋದಲಿ ಅವರಿಗೆ ಹೊಸದೇನಾಗಿರಲಿಲ್ಲ, ದನಕ್ಕೆ ಮೇವು ಹಾಕುವ ಜಾಗ, ಮನೆಮನೆಯಲ್ಲೂ ಇತ್ತು. ಅವರಿಗೆ ಈ ಹಬ್ಬ ರೋಮಿನಿಂದ ಬಂತೋ ಅರೇಲಿಯನ್ನನ ಗುಡಿಯಿಂದ ಬಂತೋ, ಮನೆಯಲ್ಲಿ ಮಾಡತೊಡಗಿ ಈಗ ಎಷ್ಟು ತಲೆಮಾರಾಯಿತು ಎಂದು ನೋಡಿ.

ಇನ್ನು ನಮ್ಮ ಸಂಕ್ರಾಂತಿ. ಉತ್ತರಾಯಣ ಶುರುವೆಂದು ಎಳ್ಳು ಬೆಲ್ಲ ಬೀರುತ್ತೇವೆ, ಆದರೆ ಆಕಾಶದಲ್ಲಿ ಸೂರ್ಯ ಉತ್ತರಕ್ಕೆ ತಿರುಗಿದ್ದು ಡಿಸೆಂಬರ್ 21-22ಕ್ಕೇ. ನಾವು ನಕ್ಷತ್ರ ಹಿಡಿದು ವರ್ಷ ಎಣಿಸುವುದರಿಂದ ಸುಮಾರು ಎಪ್ಪತ್ತು ವರ್ಷಕ್ಕೊಂದು ದಿನ ಹಬ್ಬ ಮುಂದೆ ಸರಿಯುತ್ತದೆ. ಹಿಂದಕ್ಕೆ ಎಣಿಸಿದರೆ ಸಂಕ್ರಾಂತಿಯೂ ಉತ್ತರಾಯಣವೂ ಒಂದೇ ದಿನ ಬೀಳುತ್ತಿದ್ದದ್ದು ಸುಮಾರು 285ರಲ್ಲಿ. ಅರೇಲಿಯನ್ನನ ಗುಡಿ ಆಗ ಹೊಸದಾಗಿತ್ತು. ಆ ಕಾಲದಲ್ಲಿ ರೋಮನ್ನರ ಸೂರ್ಯನ ದಿನಕ್ಕೂ ನಮ್ಮ ಮಕರ ಸಂಕ್ರಮಣಕ್ಕೂ ಮೂರ್ನಾಲ್ಕು ದಿನದ ಅಂತರ. ಈಗ ಧನುರ್ಮಾಸದ ನಡುವೆ ಕ್ರಿಸ್‌ಮಸ್ ಬರುತ್ತದೆ, ಅದಾಗಿ ಇಪ್ಪತ್ತು ದಿನಕ್ಕೆ ಸಂಕ್ರಾಂತಿ. ಮುಂದಿನ ಶತಮಾನದಲ್ಲಿ ಅಂತರ ಇನ್ನೊಂದೆರಡು ದಿನ ಹೆಚ್ಚಾಗಿರುತ್ತದೆ.