ಮೂಲದ್ರವ್ಯಗಳ ಕೋಷ್ಟಕವೂ ಸಂಸ್ಕೃತದ ಏಕಶಬ್ದವೂ

ರಷ್ಯಾದ ಮೆಂಡಲೀಫನು 1869ರಲ್ಲಿ, ಆಗ ವಿದಿತವಾಗಿದ್ದ ಮೂಲದ್ರವ್ಯಗಳನ್ನು ಪರಮಾಣುಭಾರದ ಕ್ರಮದಲ್ಲಿ ಜೋಡಿಸಿ, ಅವುಗಳ ಗುಣಗಳು ನಿಯತವಾಗಿ ಮರಳಿ ಮರಳಿ ಬರುವುದನ್ನು ತೋರಿಸಿದನು. ಅವನ ಕೋಷ್ಟಕದಲ್ಲಿ ಮೇಲಿನಿಂದ ಕೆಳಕ್ಕಿಳಿಯುವ ಒಂದು ಸಾಲನ್ನು ವಾಚಕರು ನೋಡಬೇಕು. ಮೇಲ್ತುದಿಯಲ್ಲಿ ಒಲೆಯ ಇದ್ದಿಲಿನ ಇಂಗಾಲ. ಅದರ ಕೆಳಗೆ ಸಿಲಿಕಾನ್. ಇಂಡಿ, ಸಿಂದಗಿಗಳ ಭೀಮೆಯ ಉಸುಕಿನಲ್ಲಿಯೂ, ಮುದ್ದೇಬಿಹಾಳ, ಬಾಗೇವಾಡಿಗಳ ಕೃಷ್ಣೆಯ ಉಸುಕಿನಲ್ಲಿಯೂ ಆಮ್ಲಜನಕದೊಡನೆ ಕೂಡಿಕೊಂಡಿರುವುದು ಇದೇ. ಇನ್ನೂ ಕೆಳಗೆ ಪಾತ್ರೆಗಳ ಕಲಾಯಿಯ ತವರ, ಬಳಿಕ ಸೀಸ. ಈ ನಾಲ್ಕೂ ಆಮ್ಲಜನಕದ ಎರಡೆರಡು ಪರಮಾಣುಗಳೊಡನೆ ಕೂಡಬಲ್ಲ ಸಗೋತ್ರಗಳು. ಆದರೂ ಇದ್ದಿಲು ಪೆಟ್ಟಿಗೆ ಪುಡಿಯಾಗುವುದು, ಸೀಸವು ಬಾಗುವುದು. ಕೆಳಗಿಳಿದಂತೆ ಹೊರಗಿನ ಎಲೆಕ್ಟ್ರಾನುಗಳು ಪರಮಾಣುಗರ್ಭದಿಂದ ದೂರವಾಗಿ ಸಡಿಲುವುದರಿಂದ ಲೋಹತ್ವವು ಹೆಚ್ಚುತ್ತದೆ. ಎಡದಿಂದ ಬಲಕ್ಕೆ ಹೋದರೆ ಗರ್ಭದ ಸೆಳೆತವು ಬಲಿತು ಲೋಹತ್ವವು ಕುಗ್ಗುವುದು: ಒಂದೇ ಸಾಲಿನ ಎಡತುದಿಯ ಸೋಡಿಯಂ ಚೂರಿಗೆ ಸಿಗುವ ಲೋಹ, ಬಲಗಡೆಯ ಕ್ಲೋರಿನ್ ವಿಷವಾಯು. ಎರಡೂ ಕೂಡಿದರೆ ನಮ್ಮ ಅಡಿಗೆಯ ಉಪ್ಪು!

ಸಿಲಿಕಾನಿಗೂ ತವರಕ್ಕೂ ನಡುವೆ ಮೆಂಡಲೀಫನು ಒಂದು ಮನೆಯನ್ನು ಬರಿದಾಗಿ ಬಿಟ್ಟನು. ಅಲ್ಲಿರಬೇಕಾದ, ಯಾರೂ ಕಾಣದ ದ್ರವ್ಯಕ್ಕೆ ‘ಏಕಸಿಲಿಕಾನ್’ ಎಂದು ಹೆಸರಿಟ್ಟು, ಪರಮಾಣುಭಾರ 72, ವಿಶಿಷ್ಟಗುರುತ್ವ 5.5 ಎಂದು 1871ರಲ್ಲಿ ಹೇಳಿದನು. 1886ರಲ್ಲಿ ಜರ್ಮನಿಯ ವಿಂಕ್ಲರನಿಗೆ ಜರ್ಮೇನಿಯಂ ದೊರೆಯಿತು. ಇಂದಿನ ಅಳತೆಯಂತೆ ಅದರ ಭಾರ 72.63, ಗುರುತ್ವ 5.32. ಏಕಅಲ್ಯೂಮಿನಿಯಂ 1875ರಲ್ಲಿ ಗ್ಯಾಲಿಯಮ್ಮಾಗಿಯೂ, ಏಕಬೋರಾನ್ 1879ರಲ್ಲಿ ಸ್ಕ್ಯಾಂಡಿಯಮ್ಮಾಗಿಯೂ ಅದಕ್ಕೆ ಮುಂಚೆಯೇ ಪ್ರಕಟವಾಗಿದ್ದವು.

ಈ ಏಕಶಬ್ದವು ಎಲ್ಲಿಂದ ಬಂದಿತು? ಪಾಣಿನಿಯ ಅಷ್ಟಾಧ್ಯಾಯಿಯನ್ನು ಮುದ್ರಿಸಿದ ಬ್ಯೋಟ್ಲಿಂಕ್ ಪಂಡಿತನು ಸೇಂಟ್ ಪೀಟರ್ಸ್‌ಬರ್ಗಿನ ವಿದ್ವತ್ಸಭೆಯವನು. ಅದೇ ನಗರದಲ್ಲಿ ಮೆಂಡಲೀಫನು ಅಧ್ಯಾಪಕನಾಗಿದ್ದನು. ನಮ್ಮ ವರ್ಣಮಾಲೆಯೇ ಕೋಷ್ಟಕಕ್ಕೆ ಪ್ರೇರಣೆಯೆಂದು ಕೆಲವರು ಊಹಿಸುವರು. ಸಾದೃಶ್ಯವು ಮನೋಹರವೇ ಸರಿ: ಕ ಖ ಗ ಘ ಙ ಗಳಿಗೆ ಸ್ಥಾನವೊಂದೇ, ಕ ಚ ಟ ತ ಪ ಗಳಿಗೆ ಸ್ಥಾನ ಬೇರೆಯಾದರೂ ಪ್ರಯತ್ನವೊಂದೇ. ಆದರೆ ಸಾದೃಶ್ಯವೊಂದೇ ಪ್ರೇರಣೆಗೆ ಆಧಾರವಾಗಲಾರದು. ನೇರವಾದ ಆಧಾರವು ದೊರೆತಿಲ್ಲ. ಹೆಸರು ಸಂಸ್ಕೃತದ್ದೆಂಬುದಷ್ಟೇ ನಿಶ್ಚಿತ. ‘ರಸಾಯನವೂ ನಮ್ಮದೇ’ ಎಂದು ಸಭೆಗಳಲ್ಲಿ ಸಾರುವ ಉತ್ಸಾಹಿಗಳು ಇದನ್ನು ಗಮನಿಸಬೇಕು. ನಮ್ಮ ವರ್ಗಾಕ್ಷರಗಳಲ್ಲಿ ಬರಿದಾದ ಮನೆಯೊಂದೂ ಇಲ್ಲ. ಅವನ ಕೋಷ್ಟಕದ ಸಾಹಸವೆಲ್ಲ ಇದ್ದುದು ಆ ಬರಿದಾದ ಮನೆಗಳಲ್ಲಿಯೇ.

ಮ್ಯಾಂಗನೀಸಿನ ಕೆಳಗೆ ಅಂಥ ಎರಡು ಮನೆಗಳಿದ್ದವು, ಏಕಮ್ಯಾಂಗನೀಸ್ ಮತ್ತು ದ್ವಿಮ್ಯಾಂಗನೀಸ್. ಇವುಗಳಲ್ಲಿ ‘ದ್ವಿ’ಯೇ ಮೊದಲು, 1925ರಲ್ಲಿ, ರೀನಿಯಂ ಎಂದು ದೊರೆಯಿತು. ‘ಏಕ’ವು 1937ರವರೆಗೆ ಸಿಕ್ಕಲಿಲ್ಲ, ಕೃತಕವಾಗಿ ಹುಟ್ಟಿಸಿದ ಮೇಲೆಯೇ ಅದು ಕೈಗೆ ಬಂದಿತು.