ಪಾಠ ಹೇಳಿದ ಕೈ, ಕೋಲು ಹಿಡಿದ ಕೈ

ಆನಂದಿಬಾಯಿ ಜೋಶಿಯ ಕತೆ ಹೇಳುವವರು ಸಾಮಾನ್ಯವಾಗಿ ಅವಳ ಗಂಡನನ್ನು ಹೊಗಳುತ್ತಲೇ ಶುರು ಮಾಡುತ್ತಾರೆ. ಹೆಣ್ಣು ಪುಸ್ತಕ ಹಿಡಿದರೆ ಊರೇ ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಹೆಂಡತಿಯನ್ನು ಡಾಕ್ಟರಿಕೆ ಓದಲು ಅಮೆರಿಕಕ್ಕೆ ಕಳಿಸಿದ ಅಂಚೆ ಗುಮಾಸ್ತ ಗೋಪಾಲರಾವ್! ಸುಳ್ಳೇನಲ್ಲ. ಆದರೆ ಆ ಮನೆಯ ಪಾಠ ನಡೆದ ಬಗೆಯನ್ನು ಹೊಗಳುವವರು ಬೇಗ ದಾಟಿಬಿಡುತ್ತಾರೆ.

1865ರಲ್ಲಿ ಕಲ್ಯಾಣದಲ್ಲಿ ಹುಟ್ಟಿದ ಯಮುನೆಗೆ ಒಂಬತ್ತಕ್ಕೇ ಮದುವೆ. ವರ ವಿಧುರ, ಸುಮಾರು ಇಪ್ಪತ್ತು ವರ್ಷ ದೊಡ್ಡವನು. ಯಮುನೆ ಆನಂದಿಯಾದಳು. ಪಾಠ ಬಿಟ್ಟು ಅಡುಗೆಮನೆಯಲ್ಲಿ ಕಂಡರೆ ಏಟು. ಅಡುಗೆ ಮಾಡಲಿಲ್ಲವೆಂದು ಹೊಡೆಯುವ ಗಂಡಂದಿರು ಎಲ್ಲ ಕಡೆ ಇದ್ದರು. ಮಾಡಿದ್ದಕ್ಕೆ ಹೊಡೆಯುವವನು ಜನರಿಗೆ ಹೊಸಬ. 14ರಲ್ಲಿ ಹೆತ್ತ ಗಂಡುಮಗು ಹತ್ತೇ ದಿನ ಬದುಕಿತು. ವೈದ್ಯೆಯಾಗುವ ಹಟ ಗಟ್ಟಿಯಾದದ್ದು ಆ ಸಾವಿನಿಂದ, ಏಟಿನಿಂದಲ್ಲ.

1883ರ ಫೆಬ್ರುವರಿಯಲ್ಲಿ ಕಲ್ಕತ್ತೆ ಹತ್ತಿರದ ಶ್ರೀರಾಮಪುರದ ಕಾಲೇಜಿನಲ್ಲಿ, ತುಂಬಿದ ಸಭೆಯೆದುರು, ತಾನೇಕೆ ಹೊರಟಿದ್ದೇನೆಂದು ಇಂಗ್ಲಿಷಿನಲ್ಲಿ ವಿವರಿಸಿದಾಗ ಅವಳಿಗೆ 17. ಏಪ್ರಿಲ್‌ನಲ್ಲಿ ಗಂಡನಿಲ್ಲದೆ ಹಡಗು ಹತ್ತಿದಳು.

ಅಮೆರಿಕದಿಂದ ಗಂಡನಿಗೆ ಬರೆದ ಒಂದು ಪತ್ರದಲ್ಲಿ ಆಕೆ ಹಳೆಯ ಲೆಕ್ಕ ಬಿಚ್ಚಿದಳು: ಹತ್ತರಲ್ಲಿ ಕಟ್ಟಿಗೆಯ ಏಟು, ಹನ್ನೆರಡರಲ್ಲಿ ಮೈಮೇಲೆ ಬಿದ್ದ ಕುರ್ಚಿ, ಪುಸ್ತಕ, ಹದಿನಾಲ್ಕರಲ್ಲಿ ಬಿಟ್ಟು ಹೋಗುವ ಬೆದರಿಕೆ. ಬೈಗುಳವಿಲ್ಲ. ಗುರಿ ನೋಡಿದರೆ ನಿಮ್ಮ ನಡತೆ ಸರಿ, ಎಳೆಯ ಮನಸ್ಸಿನ ಮೇಲಾಗುವ ಪರಿಣಾಮ ನೋಡಿದರೆ ತಪ್ಪು ಎಂದು ಎರಡನ್ನೂ ತೂಗಿ ಹೇಳಿದಳು. ಹೊಡೆದವನಿಗೂ ನ್ಯಾಯ ತಪ್ಪಿಸದ ಈ ಧೈರ್ಯ, ಕಡಲು ದಾಟಿದ ಧೈರ್ಯಕ್ಕಿಂತ ದೊಡ್ಡದು. 1886ರಲ್ಲಿ ಫಿಲಡೆಲ್ಫಿಯದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಎಂ.ಡಿ.; ಮರುವರ್ಷ ಫೆಬ್ರುವರಿಯಲ್ಲಿ ಪುಣೆಯಲ್ಲಿ ಕ್ಷಯದಿಂದ ಸಾವು. ಇನ್ನೂ 22 ತುಂಬಿರಲಿಲ್ಲ.

ಆಕೆಯ ಬಾಲ್ಯಕ್ಕೆ ಕಾನೂನಿನ ಆಸರೆಯೇ ಇರಲಿಲ್ಲ. ಬಾಲ್ಯವಿವಾಹ ತಡೆಯಲು ಮುಂದಾಗಿ ಹೆಸರಾದ ಮೈಸೂರು ಸಂಸ್ಥಾನದ 1894ರ ಕಾಯಿದೆಯೂ ನಿಷೇಧಿಸಿದ್ದು ಎಂಟು ತುಂಬದ ಹುಡುಗಿಯರ ಮದುವೆಯನ್ನು. ಒಂಬತ್ತರ ಯಮುನೆ ಅದರಿಂದಲೂ ಹೊರಗೆ. ಐವತ್ತು ದಾಟಿದವರು 14ರೊಳಗಿನವರನ್ನು ಮದುವೆಯಾಗಬಾರದೆಂದೂ ಅದರಲ್ಲಿತ್ತು. ಮೂವತ್ತರ ಆಸುಪಾಸಿನ ಗೋಪಾಲರಾವ್ ಅದಕ್ಕೂ ಸಿಗುತ್ತಿರಲಿಲ್ಲ. ಇನ್ನು ಏಟಿನ ಮಾತು: ಹೆಂಡತಿಗೆ ಗಂಡ ಕೊಡುವ ಹಿಂಸೆಯನ್ನು ಪ್ರತ್ಯೇಕ ಅಪರಾಧವೆಂದು ಭಾರತೀಯ ದಂಡಸಂಹಿತೆಗೆ ಸೇರಿಸಿದ್ದು 1983ರಲ್ಲಿ, ಆಕೆ ಹಡಗು ಹತ್ತಿ ನೂರು ವರ್ಷವಾದ ಮೇಲೆ.